ಎಂಟೂವರೆ ಪೌಂಡು

ಮಾರ್ಚ್ ೪, ಸೋಮವಾರ

ವ್ಯಾನಿನ ಕೆಳಗಿಂದ ಹೊರಬಂದ ಗ್ಯಾರೇಜಿನವನ ಮುಖ ನೋಡಿದಾಗಲೇ ಗೊತ್ತಾಯಿತು. ಕೆಟ್ಟ ಸುದ್ದಿ ಹೇಳುವ ಮುಂಚೆ ಡಾಕ್ಟರುಗಳೂ ಹೀಗೇ ಕೈ ಒರೆಸಿಕೊಳ್ಳುತ್ತಾರೆ. "ಇನ್ನೊಂದು ವರ್ಷ ತಳ್ಳಬಹುದು, ಆದ್ರೆ ದುಡ್ಡು ಹಾಕ್ಬೇಕು," ಅಂದ. ಎಷ್ಟು ಅಂತ ಕೇಳಿದೆ. ಹೇಳಿದ. ನನ್ನ ಕಿವಿಯೇ ಸರಿಯಿಲ್ಲವೇನೋ ಅಂದುಕೊಂಡೆ.

ಸಂಜೆ ಊಟಕ್ಕೆ ಕೂತಾಗ ಗಂಡ ಕ್ಲಿಫ್‌ಗೆ ವಿಷಯ ತಿಳಿಸಿದೆ. ಕಿಟಕಿ ಒರೆಸುವ ರೇಟು ಏರಿಸದೆ ಬೇರೆ ದಾರಿಯಿಲ್ಲ ಅಂದೆ. ಅವನು ಆಲೂಗಡ್ಡೆಯನ್ನು ಜಜ್ಜುತ್ತಲೇ ಇದ್ದ.

"ಹನ್ನೊಂದು ವರ್ಷದಿಂದ ಮನೆಗೆ ಆರು ಪೌಂಡು. ಜನ ಯಾಕೆ ನನ್ನನ್ನ ಬಿಟ್ಟು ಹೋಗ್ಲಿಲ್ಲ ಗೊತ್ತಾ?"

"ಡೀಸೆಲ್ ಹಾಕೋನಿಗೂ ಇದನ್ನೇ ಹೇಳ್ಲಾ?"

"ಅವ್ರು ಗಿರಾಕಿಗಳಲ್ಲ ಕಣೇ ನೊರೀನ್, ಸ್ನೇಹಿತರು. ಸ್ನೇಹಿತರ ಮುಂದೆ ಕೈ ಚಾಚ್ತಾರಾ?"

ಅವನ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಎರಡು ಚಳಿಗಾಲದ ಹಿಂದೆ ಮಂಜು ಹೆಪ್ಪುಗಟ್ಟಿದ ಮೆಟ್ಟಿಲ ಮೇಲೆ ಏಣಿ ಜಾರಿ ಅವನು ಬಿದ್ದು ಸೊಂಟ ಮುರಿದುಕೊಂಡಾಗ, ಫ್ಲೀಟ್‌ವುಡ್‌ನ ಅರ್ಧ ಊರೇ ನಮ್ಮ ಮನೆಗೆ ಮೀನಿನ ಕಡುಬು ಹೊತ್ತು ತಂದಿತ್ತು. ಅವನು ಏಳುವ ತನಕ ಅಂತ ನಾನು ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟು ಬಕೆಟ್ ಹಿಡಿದೆ. ಅವನು ಎದ್ದ. ಆದರೆ ಊರುಗೋಲು ಹಿಡಿದವನಿಗೆ ಏಣಿ ಹತ್ತಲಾಗದು. ಗಿರಾಕಿಗಳು ಅವನವರು, ಏಣಿ ಅವನದು, ವ್ಯಾನಿನ ಮೇಲೆ ಬರೆದ ಹೆಸರೂ ಅವನದು. ನಾನು ನೋಡಿಕೊಳ್ಳುತ್ತಿರುವವಳು ಅಷ್ಟೆ.

ಆದರೆ ದಿನವಿಡೀ ಕೈ ಎತ್ತಿ ಹಿಡಿದ ಮೇಲೆ ಭುಜ ಯಾರದು ಅಂತ ಕೇಳಬೇಕಾಗಿಲ್ಲ.

ಮಾರ್ಚ್ ೬, ಬುಧವಾರ

ಕ್ಲಿಫ್‌ಗೆ ಹೇಳದೆ ಕೇಳಿಬಿಡುವುದು ಅಂತ ತೀರ್ಮಾನ ಮಾಡಿದೆ. ವ್ಯಾನಿನಲ್ಲಿ ಕೂತು ಮಾತನ್ನು ಬಾಯಿಪಾಠ ಮಾಡಿಕೊಂಡೆ: "ಬೇಜಾರು ಮಾಡ್ಕೋಬೇಡಿ, ನನಗೂ ಕೇಳೋಕೆ ಮನಸ್ಸಿಲ್ಲ, ಆದ್ರೆ ಎಲ್ಲದರ ಬೆಲೆ ಏರಿದೆ ನೋಡಿ, ಅದಕ್ಕೇ ನಿಮಗೆ ತೊಂದರೆ ಆಗಲ್ಲ ಅಂದ್ರೆ ಮಾತ್ರ, ಮುಂದಿನ ಸಲದಿಂದ ಒಂದು ಸ್ವಲ್ಪ, ಎಂಟೂವರೆ ಅಂತ..."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಉಸಿರು ಕಟ್ಟುತ್ತಿತ್ತು.

ಮೊದಲ ಮನೆ ಮಿಸೆಸ್ ಕಾರ್ಟ್‌ಮೆಲ್ ಅವರದು. ಎಂಬತ್ತು ದಾಟಿ ಬಹಳ ಕಾಲವಾಗಿದೆ, ಒಬ್ಬರೇ ಇರುವವರು. ಆರು ಪೌಂಡನ್ನು ಬಾಗಿಲಲ್ಲಿ ಕೈಯಲ್ಲೇ ಹಿಡಿದು ಕಾಯುತ್ತಿರುತ್ತಾರೆ. ಬಾಯಿ ತೆರೆದೆ. "ಗಾಳಿ ಜೋರಾಗಿದೆ ಅಲ್ವಾ," ಅಂತ ಬಂತು.

"ಮಾರ್ಚಿನಲ್ಲಿ ಇನ್ನೇನಮ್ಮಾ ಇರುತ್ತೆ?" ಅಂದರು.

ಇವರನ್ನು ಬಿಟ್ಟುಬಿಡೋಣ ಅಂದುಕೊಂಡೆ. ವಯಸ್ಸಾದವರು, ಪಿಂಚಣಿಯಲ್ಲಿ ಬದುಕುವವರು. ಇವರೊಬ್ಬರಿಗೆ ಆರೇ ಇರಲಿ. ಹಾಗಂದುಕೊಂಡ ಮೇಲೆ ಮನಸ್ಸು ಹಗುರವಾಯಿತು.

ಮಾರ್ಚ್ ೭, ಗುರುವಾರ

ಅವಳಿ ಮಕ್ಕಳ ತಾಯಿಯ ಮನೆ. ಇವತ್ತು ಬಾಯಿ ಬಿಟ್ಟೆ. ಬಿಟ್ಟದ್ದೇ ಬಿಟ್ಟದ್ದು: ವ್ಯಾನು, ಡೀಸೆಲ್ಲು, ಕ್ಲಿಫ್‌ನ ಸೊಂಟ, ನನ್ನ ಭುಜ, ಗ್ಯಾಸಿನ ಬಿಲ್ಲು, ಎಂಟೂವರೆ ಅನ್ನುವುದೊಂದು ಬಿಟ್ಟು ಎಲ್ಲ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು. ನಿಂಬೆಯ ಕೇಕು ಕಟ್ಟಿಕೊಟ್ಟಳು. "ನಿಮ್ಮ ಕಷ್ಟದಲ್ಲಿ ನಮ್ಮ ಚಿಂತೆ ಒಂದು ಬೇಡ, ನಾವು ಹಿಂದಿನ ಹಾಗೇ ಆರು ಪೌಂಡು ಕೊಡ್ತೀವಿ," ಅಂತ ಕೈ ಹಿಡಿದು ಕಳಿಸಿದಳು.

ಕೇಕು ಚೆನ್ನಾಗಿತ್ತು. ಕ್ಲಿಫ್ ಎರಡು ತುಂಡು ತಿಂದು, "ನೋಡು, ಎಂಥಾ ಜನ!" ಅಂದ.

ಮಾರ್ಚ್ ೧೨, ಮಂಗಳವಾರ

ಅಂಚೆಯಲ್ಲಿ ಕೆಲಸ ಮಾಡುವ ಒಬ್ಬನಿದ್ದಾನೆ. ಯಾವಾಗಲೂ ಒಂದೇ ಕಾಲಿಗೆ ಶೂ ಹಾಕಿಕೊಂಡು ಬಾಗಿಲಿಗೆ ಬರುತ್ತಾನೆ. ಇವತ್ತೂ ಅವಸರದಲ್ಲಿದ್ದ. ಬಾಯಿಪಾಠ ಒಪ್ಪಿಸಲು ಸಮಯವೇ ಇರಲಿಲ್ಲ. "ಮುಂದಿನ ಸಲದಿಂದ ಎಂಟೂವರೆ ಪೌಂಡು," ಅಂದುಬಿಟ್ಟೆ.

"ಸರಿ. ಹಿಂದಿನ ಗೇಟು ಹಾಕ್ಕೊಂಡು ಹೋಗಿ, ನಾಯಿ ಇದೆ," ಅಂದ.

ಅಷ್ಟೇ. ನಾನು ವ್ಯಾನಿನಲ್ಲಿ ಕೂತು, ಇನ್ನೇನಾದರೂ ಹೇಳಲು ಅವನು ಓಡಿ ಬರುತ್ತಾನೇನೋ ಅಂತ ಸ್ವಲ್ಪ ಹೊತ್ತು ಕಾದೆ. ನಾಯಿ ಮಾತ್ರ ಬೊಗಳಿತು.

ಆಮೇಲೆ ಬೀದಿ ಪೂರ್ತಿ ಹೇಳಿಕೊಂಡು ಹೋದೆ. ಒಬ್ಬ ಗೊಣಗಿದ. ಒಬ್ಬಳು ಬೇಡವೇ ಬೇಡ ಅಂದಳು. ಉದ್ದ ಕೋಲಿನಿಂದ ನೀರು ಚಿಮ್ಮಿಸಿ ತೊಳೆಯುವ ಹುಡುಗನೊಬ್ಬ ಬಂದಿದ್ದಾನಂತೆ, ಅವನನ್ನು ಕರೆಯುತ್ತಾಳಂತೆ. ಮಿಕ್ಕವರು ಸರಿ ಅಂದರು.

ಕ್ಲಿಫ್‌ಗೆ ಇನ್ನೂ ಹೇಳಿಲ್ಲ. ಭಾನುವಾರ ಹೇಳುತ್ತೇನೆ.

ಮಾರ್ಚ್ ೨೧, ಗುರುವಾರ

ಭಾನುವಾರ ಹೇಳಲಿಲ್ಲ.

ಇವತ್ತು ಸಮುದ್ರದ ಕಡೆಯ ಬೀದಿ, ಮೂಲೆಯಲ್ಲಿ ಜೆರಾಲ್ಡ್‌ನ ಮನೆ. ಬಂದರು ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ನಿವೃತ್ತನಾದವನು. ಶುಕ್ರವಾರ ಕ್ಲಬ್ಬಿನಲ್ಲಿ ಕ್ಲಿಫ್‌ನ ಡಾಮಿನೋ ಆಟದ ಜೊತೆಗಾರ. ಮೂರು ಅಂತಸ್ತು, ಮುಂದೆ ಹೊರಚಾಚಿದ ದೊಡ್ಡ ಕಿಟಕಿಗಳು, ಸಮುದ್ರದ ಉಪ್ಪೆಲ್ಲ ಮೊದಲು ಬಡಿಯುವುದೇ ಅಲ್ಲಿ. ಅಷ್ಟಕ್ಕೂ ಹತ್ತು ಪೌಂಡು ಮಾತ್ರ ತೆಗೆದುಕೊಳ್ಳುತ್ತಿದ್ದೆವು. "ಮುಂದಿನ ಸಲದಿಂದ ಹದಿನೈದು," ಅಂದೆ.

ಅವನ ಕತ್ತು ಕೆಂಪಾಯಿತು. "ಹದಿನೈದಾ? ಏನಮ್ಮಾ ಇದು, ಹಗಲು ದರೋಡೆ!"

"ಮೂರು ಅಂತಸ್ತು ಇದೆಯಲ್ಲ."

"ಕ್ಲಿಫ್‌ಗೆ ಗೊತ್ತಾ ಇದು?"

ನಾನು ಬಗ್ಗಿ ಬಕೆಟ್ ಎತ್ತಿಕೊಂಡೆ. ಅವನಿಗೆ ಅಷ್ಟು ಸಾಕಾಯಿತು. ಬಾಗಿಲು ಹಾಕಿಕೊಂಡ.

ಮಾರ್ಚ್ ೨೨, ಶುಕ್ರವಾರ

ಕ್ಲಿಫ್ ಕ್ಲಬ್ಬಿನಿಂದ ಬೇಗ ಬಂದ. ಊರುಗೋಲಿನ ಸದ್ದಿನಲ್ಲೇ ಎಲ್ಲ ಇತ್ತು.

"ನಾಲ್ಕು ಜನರ ಎದುರು ಕೇಳಿದ ಕಣೇ. 'ಏನಪ್ಪಾ ಕ್ಲಿಫ್, ನಿನ್ನ ಹೆಂಡ್ತಿ ರೇಟು ಏರಿಸಿದ್ದು ನಿನಗೆ ಗೊತ್ತಾ, ಅಥ್ವಾ ನಿನಗೂ ಏರಿಸಿದ್ದಾಳಾ?' ಅಂತ. ಎಲ್ರೂ ನಕ್ರು."

"ನಿನಗೆ ಹೇಳಿದ್ದೆನಲ್ಲ."

"ನೀನು ಕೇಳಿದೆ. ನಾನು ಬೇಡ ಅಂದೆ. ಹೇಳೋದು ಬೇರೆ, ಕೇಳೋದು ಬೇರೆ."

"ನೀನು ಬೇಡ ಅಂದ್ರೆ ವ್ಯಾನು ಓಡುತ್ತಾ?"

"ಇಪ್ಪತ್ತಾರು ವರ್ಷ! ಬಾಗಿಲು ಬಾಗಿಲಿಗೆ ನಗುನಗ್ತಾ ಹೋಗಿ ಒಂದೊಂದು ಮನೆ ಕಟ್ಟಿದೀನಿ. ನೀನು ಒಂದು ತಿಂಗಳಲ್ಲಿ ಕೆಡವಿಬಿಟ್ಟೆ."

"ನಿನ್ನ ನಗುವಿನ ಬೆಲೆ ನನ್ನ ಭುಜ ಕೊಡ್ತಿದೆ ಕ್ಲಿಫ್."

ಹೇಳಬಾರದಿತ್ತು. ಅವನು ಕೋಟು ಕೂಡ ಬಿಚ್ಚದೆ ಮುಂಗೋಣೆಗೆ ಹೋಗಿ ಕತ್ತಲಲ್ಲಿ ಕೂತ. ಚಹಾ ಇಟ್ಟು ಬಂದೆ. ಮಲಗುವ ಮುಂಚೆ ನೋಡಿದರೆ ಹಾಗೇ ಕೆನೆಗಟ್ಟಿತ್ತು.

ಮಾರ್ಚ್ ೨೫, ಸೋಮವಾರ

ಮನೆಯಲ್ಲಿ ಮಾತಿಲ್ಲ. ಜೆರಾಲ್ಡ್ ಬೇಡ ಅಂದ. ಅವನ ಬೀದಿಯವರೂ ಒಬ್ಬರ ಹಿಂದೆ ಒಬ್ಬರು ಫೋನು ಮಾಡಿ ಬೇಡ ಅಂದರು. ಗುರುವಾರ ಇಡೀ ದಿನ ಖಾಲಿ.

ಮಾರ್ಚ್ ೨೮, ಗುರುವಾರ

ಹೋಗಿ ಹತ್ತೇ ಪೌಂಡು ಕೊಡಿ ಅಂತ ಹೇಳಿಬಿಡೋಣ ಅನ್ನಿಸಿತು. ಜೆರಾಲ್ಡ್‌ನ ಗೇಟಿನ ತನಕ ಹೋಗಿದ್ದೆ. ಚಿಲಕದ ಮೇಲೆ ಕೈಯಿಟ್ಟು ನಿಂತು ವಾಪಸ್ಸು ಬಂದೆ. ಯಾಕೆ ಬಂದೆನೋ ಗೊತ್ತಿಲ್ಲ. ಧೈರ್ಯವಂತೂ ಅಲ್ಲ.

ಏಪ್ರಿಲ್ ೩, ಬುಧವಾರ

ಮಿಸೆಸ್ ಕಾರ್ಟ್‌ಮೆಲ್ ಇವತ್ತು ಬಾಗಿಲಲ್ಲಿ ದುಡ್ಡು ಹಿಡಿದು ನಿಂತಿರಲಿಲ್ಲ. ಎರಡೂ ಕೈ ಸೊಂಟದ ಮೇಲಿದ್ದವು.

"ನಾನು ಸತ್ತುಹೋಗಿದ್ದೀನಾ? ಹೌದಾದ್ರೆ ನನಗೆ ಯಾರೂ ಹೇಳ್ಲಿಲ್ಲ."

"ಅಯ್ಯೋ, ಏನು ಮಾತು ಅಂತ ಆಡ್ತೀರಿ!"

"ಪಕ್ಕದ ಮನೆಯವಳಿಗೆ ಎಂಟೂವರೆ. ಎದುರು ಮನೆಯವನಿಗೆ ಎಂಟೂವರೆ. ನನಗೆ ಮಾತ್ರ ಯಾರೂ ಏನೂ ಹೇಳಿಲ್ಲ. ನಂದೇನು ಅರ್ಧ ಗಾಜಾ?"

"ನಿಮಗೆ ಹೊರೆ ಆಗ್ಬಾರ್ದು ಅಂತ..."

"ಹೊರೆ ಹೊರೋದು ನನಗೆ ನೀನು ಕಲಿಸ್ತೀಯಾ?" ಅಂದವರು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡೇ ಹೋದರು. ಆ ಬೆರಳುಗಳ ಹಿಡಿತ ಇನ್ನೂ ಕೈಗೆ ಅಂಟಿದ ಹಾಗಿದೆ. ವಯಸ್ಸಿನಲ್ಲಿದ್ದಾಗ ಬಂದರಿನಲ್ಲಿ ಬಲೆ ಹೆಣೆಯುತ್ತಿದ್ದರಂತೆ, ದೋಣಿಗಳು ಊರಿಗೆ ಅನ್ನ ಹಾಕುತ್ತಿದ್ದ ಕಾಲದಲ್ಲಿ.

"ಕೂಲಿ ಜಾಸ್ತಿ ಕೇಳೋದಿದ್ರೆ ಹೆಂಗಸರೆಲ್ಲ ಸೇರಿ ನನ್ನನ್ನ ಮುಂದೆ ತಳ್ತಿದ್ರು. ಯಾಕೆ ಹೇಳು? ಮಾತು ಬಲ್ಲೋಳು ಅಂತಲ್ಲ. ನಾನು ಕೆಮ್ತಿರ್ಲಿಲ್ಲ, ಅದಕ್ಕೆ. ಮಿಕ್ಕೋರು ಮೇಸ್ತ್ರಿ ಎದುರು ನಿಂತ ಕೂಡ್ಲೇ ಕೆಮ್ಮೋರು. ಕೆಮ್ಮಿದೋಳಿಗೆ ಅರ್ಧ ಕೊಟ್ಟು ಸಾಗಹಾಕ್ತಾರೆ ಕಣಮ್ಮಾ."

ನಾನು ನಕ್ಕೆ. ಅವರು ನಗಲಿಲ್ಲ.

"ನನ್ನ ಮೇಲೆ ಅಕ್ಕರೆ ಇದ್ರೆ ಕೂತು ಒಂದು ಲೋಟ ಚಹಾ ಕುಡಿ. ರೇಟಿನಲ್ಲಿ ತೋರಿಸ್ಬೇಡ. ಇಲ್ಲಿ ತಗೋ."

ಎಂಟೂವರೆ ತೆಗೆದುಕೊಂಡೆ. ಚಹಾ ಕುಡಿದೆ. ಎರಡನೆಯ ಲೋಟವನ್ನೂ ಕುಡಿದೆ. ಮುಂದಿನ ಮನೆಗೆ ತಡವಾಯಿತು.

ಏಪ್ರಿಲ್ ೧೮, ಗುರುವಾರ

ಖಾಲಿ ಗುರುವಾರವನ್ನು ನೋಡುತ್ತ ಎಷ್ಟು ದಿನ ಕೂರುವುದು? ಊರ ಹೊರಗಿನ ಹೊಸ ಮನೆಗಳ ಕಡೆ ಹೋಗಿ ಬಾಗಿಲು ತಟ್ಟುತ್ತೇನೆ ಅಂತ ಬೂಟು ಹಾಕಿಕೊಳ್ಳುತ್ತಿದ್ದೆ. ಮುಂಗೋಣೆಯಿಂದ ದನಿ ಬಂತು.

"ನಿನಗೆ ಬಾಗಿಲು ತಟ್ಟೋಕೆ ಬರಲ್ಲ."

ಅಷ್ಟು ವಾರಗಳಲ್ಲಿ ಅವನು ಆಡಿದ ಮೊದಲ ಪೂರ್ತಿ ವಾಕ್ಯ. "ಬರಲ್ಲ. ಏನೀಗ?" ಅಂದೆ.

"ತಟ್ಟಿ ಎರಡು ಹೆಜ್ಜೆ ಹಿಂದೆ ಸರೀಬೇಕು. ಇಲ್ದಿದ್ರೆ ಸಾಲ ವಸೂಲಿಗೆ ಬಂದೋರ ಥರ ಕಾಣ್ತೀಯ." ಕೋಟು ಹಾಕಿಕೊಂಡು ಬಂದು ವ್ಯಾನಿನಲ್ಲಿ ಕೂತ. ಬಿದ್ದ ಮೇಲೆ ಅವನು ಕೆಲಸದ ಹೊತ್ತಿನಲ್ಲಿ ವ್ಯಾನು ಹತ್ತಿದ್ದು ಇದೇ ಮೊದಲು.

ಮೊದಲ ಬಾಗಿಲು. ಒದ್ದೆ ತಲೆಗೆ ಟವಲ್ ಸುತ್ತಿಕೊಂಡ ಒಬ್ಬ ಹುಡುಗಿ. ಕ್ಲಿಫ್ ಟೊಪ್ಪಿ ತೆಗೆದ. "ಏನಮ್ಮಾ, ಸಮುದ್ರದ ಗಾಳಿ ನಿಮ್ಮ ಕಿಟಕಿಗಳನ್ನ ಉಪ್ಪಿನಕಾಯಿ ಹಾಕ್ಬಿಟ್ಟಿದೆಯಲ್ಲಾ! ಹೀಗೇ ಬಿಟ್ರೆ ಮುಂದಿನ ವರ್ಷ ಭರಣಿಯಿಂದ ತೆಗೆದು ಊಟಕ್ಕೆ ಬಡಿಸ್ಬಹುದು."

ಹುಡುಗಿ ಟವಲ್ ಜಾರುವಷ್ಟು ನಕ್ಕಳು. ಈ ವಿದ್ಯೆ ನನಗೆ ಏಳು ಜನ್ಮಕ್ಕೂ ಬಾರದು.

"ಎಷ್ಟಾಗುತ್ತೆ?"

"ನಿಮಗಾದ್ರೆ ಆರು ಪೌಂ..."

"ಒಂಬತ್ತು," ಅಂದೆ, ಅವನ ಬೆನ್ನ ಹಿಂದಿನಿಂದ.

ಹುಡುಗಿ ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮ್ಮಿಬ್ಬರಲ್ಲಿ ಯಜಮಾನ್ರು ಯಾರು?"

ಕ್ಲಿಫ್ ತನ್ನ ಊರುಗೋಲಿನ ತುದಿಯನ್ನೇ ನೋಡುತ್ತ ನಿಂತ. ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು.

"ನಾನು ಬರೀ ಬಾಯಿ," ಅಂದ. "ಏಣಿ ಹತ್ತೋಳು ಇವಳು. ಇವಳು ಹೇಳಿದ್ದೇ ರೇಟು."

ಆ ಸಾಲಿನಲ್ಲಿ ಆರು ಮನೆ ಸಿಕ್ಕಿತು. ನಗಿಸುವುದು ಅವನು, ರೇಟು ಹೇಳುವುದು ನಾನು. ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ವ್ಯಾನು ನಿಲ್ಲಿಸಿ ಹುರಿದ ಮೀನು, ಚಿಪ್ಸ್ ತಿಂದೆವು. ಗಾಜಿನ ಮೇಲೆಲ್ಲ ವಿನಿಗರಿನ ಹಬೆ.

"ಒಂಬತ್ತು ಯಾಕೆ? ಎಂಟೂವರೆ ಅಲ್ವಾ?"

"ಮೇಲ್ಗಡೆ ಎರಡು ಕಿಟಕಿ ಜಾಸ್ತಿ ಇದೆ. ನೋಡ್ಲಿಲ್ವಾ?"

"ಇಲ್ಲ." ಸ್ವಲ್ಪ ಹೊತ್ತು ಚಿಪ್ಸ್ ಅಗಿದ. ಆಮೇಲೆ ಗಾಜಿನ ಕಡೆ ಮುಖ ಮಾಡಿಕೊಂಡೇ ಹೇಳಿದ: "ಹನ್ನೊಂದು ವರ್ಷ ಆರೇ ಪೌಂಡು ಇಟ್ಟಿದ್ದು ಸ್ನೇಹಕ್ಕಲ್ಲ ಕಣೇ. ಕೇಳೋಕೆ ನನಗೆ ಭಯ ಇತ್ತು. ಇಲ್ಲ ಅಂದ್ಬಿಟ್ರೆ ಅಂತ."

ಉಳಿದ ಮೀನಿನ ತುಂಡನ್ನು ಅವನ ಕಡೆ ತಳ್ಳಿದೆ. ತಿಂದ.

ಮೇ ೨, ಗುರುವಾರ

ನಿನ್ನೆ ರಾತ್ರಿ ಭುಜಕ್ಕೆ ಮುಲಾಮು ಹಚ್ಚಿಕೊಳ್ಳಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಕ್ಲಿಫ್ ಹಚ್ಚಿದ. ಏಣಿ ಹೊತ್ತು ಕಪ್ಪುಗಟ್ಟಿದ ಜಾಗದ ಹತ್ತಿರ ಬಂದಾಗ ಅವನ ಕೈ ನಿಂತಿತು. ಬೆಳಿಗ್ಗೆ ನೋಡಿದರೆ ನನ್ನ ಏಣಿಯ ಒಂದು ಬದಿಯ ಉದ್ದ ಪಟ್ಟಿಗೆ, ಭುಜದ ಮೇಲೆ ಕೂರುವ ಜಾಗದಲ್ಲಿ, ಹಳೆಯ ಸ್ನಾನದ ಟವಲನ್ನು ಬಿಗಿಯಾಗಿ ಸುತ್ತಿ ಹೊಲಿದಿದ್ದಾನೆ. ಹೊಲಿಗೆ ಅಂಕುಡೊಂಕು. ಟವಲು ನನ್ನ ಒಳ್ಳೆಯ ಟವಲು.

ಮೇ ೧೨, ಭಾನುವಾರ

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಜೆರಾಲ್ಡ್, ಭಾನುವಾರದ ಟೈ ಕಟ್ಟಿಕೊಂಡು ನಿಂತಿದ್ದಾನೆ. ಕ್ಲಿಫ್ ಅವನ ಜೊತೆ ಆಟ ಬಿಟ್ಟು ತಿಂಗಳ ಮೇಲಾಗಿತ್ತು. ಕೂರು ಅನ್ನಲಿಲ್ಲ. ನಾನು ಅಂದೆ.

ಕೂತವನು ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟು ಅದರ ಅಂಚನ್ನೇ ತಿರುಗಿಸುತ್ತ ಹೇಳಿದ.

"ಅವತ್ತು ಕ್ಲಬ್ಬಲ್ಲಿ ನಾನು ಆಡಿದ ಮಾತಿದೆಯಲ್ಲ ಕ್ಲಿಫ್, ಅದು ರೇಟಿನ ಸಿಟ್ಟಲ್ಲ ಕಣೋ."

"ಮತ್ತೆ? ಹಾಸ್ಯವಾ?"

"ಐರಿಸ್‌ಗೆ ಹೋದ ಚಳಿಗಾಲದಲ್ಲಿ ಲಕ್ವ ಹೊಡೀತು. ಎಡಗಡೆ ಬಿದ್ದುಹೋಗಿದೆ, ಮಾತೂ ಇಲ್ಲ."

ನಾನು ತಿಂಗಳು ತಿಂಗಳು ಆ ಮನೆಯ ಗಾಜು ಒರೆಸಿದ್ದೇನೆ. ಅವನ ಹೆಂಡತಿ ಐರಿಸ್ ಕಿಟಕಿಯ ಬಳಿ ಕೂತಿರುತ್ತಿದ್ದಳು. ಕೈ ಬೀಸಿದರೆ ಬೀಸುತ್ತಿರಲಿಲ್ಲ. ಗತ್ತಿನವಳು ಅಂದುಕೊಂಡಿದ್ದೆ.

"ಯಾರಿಗೂ ಹೇಳ್ಲಿಲ್ಲ. ಅವಳಿಗೆ ಇಷ್ಟ ಇಲ್ಲ ಅಂತ ಹೇಳ್ಕೊಂಡೆ, ನಿಜವಾಗ್ಲೂ ಇಷ್ಟ ಇಲ್ದಿದ್ದು ನನಗೆ. ನೋಡ್ಕೊಳ್ಳೋಕೆ ಬರೋ ಹೆಂಗಸಿಗೇ ಪಿಂಚಣಿ ಅರ್ಧ ಹೋಗುತ್ತೆ. ಕೆಳಗಿನ ಎರಡು ಕೋಣೆ ಬಿಟ್ರೆ ಮನೇಲಿ ಎಲ್ಲೂ ಹೀಟರ್ ಹಾಕಲ್ಲ. ನೊರೀನ್ ಬಂದು ಹದಿನೈದು ಅಂದಾಗ, ನನ್ನ ಹತ್ರ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ದರೋಡೆ ಅನ್ನೋಕೆ ಬಂತು. ಆಮೇಲೆ ಬೀದಿಯೋರಿಗೂ ಅದನ್ನೇ ಹೇಳ್ಬೇಕಾಯ್ತು."

ಕ್ಲಿಫ್‌ನ ಮುಖ ಕರಗಿಹೋಯಿತು. ಅವನ ಸ್ವಭಾವವೇ ಅದು. ಮುಂದಕ್ಕೆ ಬಾಗಿ ಜೆರಾಲ್ಡ್‌ನ ಮೊಣಕಾಲು ತಟ್ಟಿದ. "ಅಯ್ಯೋ ಹುಚ್ಚಪ್ಪಾ, ಮೊದಲೇ ಹೇಳೋದಲ್ವಾ! ದುಡ್ಡಿನ ಮಾತೇ ಬೇಡ. ನೊರೀನ್ ಬಂದು ಸುಮ್ನೆ ಒರೆಸಿಕೊಟ್ಟು ಬರ್ತಾಳೆ ಬಿಡು."

ಜೆರಾಲ್ಡ್ ಸರಿ ಅಂತ ತಲೆಯಾಡಿಸಿದ, ಆದರೆ ಕಣ್ಣು ಕೆಳಗಾಯಿತು. ಟೊಪ್ಪಿಯನ್ನು ತಲೆಗೆ ಹಾಕಿಕೊಳ್ಳಲು ಎತ್ತಿದ.

"ಸುಮ್ನೆ ಇಲ್ಲ," ಅಂದೆ.

ಕ್ಲಿಫ್ ನನ್ನನ್ನು ನೋಡಿದ ನೋಟ! ಹಾವು ಕಂಡವನ ಹಾಗೆ.

"ಐರಿಸ್ ಕೂರೋದು ಯಾವ ಕಿಟಕಿ ಹತ್ರ? ಕೆಳಗಿನ ದೊಡ್ಡದಾ?"

"ಹೌದು. ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲೇ."

"ಅದೊಂದಕ್ಕೆ ಐದು ಪೌಂಡು. ಮೇಲಿನ ಕೋಣೆಗಳು ಮುಚ್ಚಿರೋವಾಗ ಅವುಗಳ ಗಾಜು ಯಾಕೆ ಒರೆಸ್ಬೇಕು? ಅದು ದಂಡ."

ಜೆರಾಲ್ಡ್ ಟೊಪ್ಪಿಯನ್ನು ಮತ್ತೆ ಮೊಣಕಾಲ ಮೇಲಿಟ್ಟ. ಯೋಚಿಸಿದ. "ನಾಲ್ಕು?" ಅಂದ.

"ಐದು."

"ತಿಂಗಳಿಗೊಮ್ಮೆ ತಾನೇ?"

"ತಿಂಗಳಿಗೊಮ್ಮೆ. ಜೋರು ಗಾಳಿ ಬಂದ್ರೂ ಅಷ್ಟೇ."

"ಹಾಗಾದ್ರೆ ಸರಿ, ಐದು." ಕೈ ಚಾಚಿದ. ಕುಲುಕಿದೆ. ಕತ್ತು ನೆಟ್ಟಗೆ ಮಾಡಿಕೊಂಡು, ಡಾಮಿನೋ ಪೆಟ್ಟಿಗೆ ಎಲ್ಲಿ ಅಂತ ಕ್ಲಿಫ್‌ನನ್ನು ಕೇಳಿದ. ಎರಡು ಆಟ ಆಡಿದರು. ಐರಿಸ್ ಜೊತೆ ಆ ಹೆಂಗಸು ಇನ್ನೂ ಒಂದು ಗಂಟೆ ಇರುತ್ತಾಳಂತೆ.

ಅವನು ಹೋದ ಮೇಲೆ ಕ್ಲಿಫ್ ಅಂದ, "ಎಂಥಾ ಕಟುಕಿ ಆಗ್ಬಿಟ್ಟಿದೀಯೇ ನೀನು!" ಆದರೆ ನಗುತ್ತಿದ್ದ.

ನಾನೇನು ಕಟುಕತನ ಮಾಡಿದೆನೋ ತಿಳಿಯದು. ಒಂದು ಕಿಟಕಿಗೆ ಐದು ಸರಿಯಾದ ರೇಟೇ.

ಮೇ ೧೬, ಗುರುವಾರ

ಬೆಳಿಗ್ಗೆ ಮೊದಲು ಜೆರಾಲ್ಡ್‌ನ ಮನೆ. ಬಿಸಿಲು ಚೆನ್ನಾಗಿತ್ತು. ಗಾಜಿನ ಮೇಲೆ ಉಪ್ಪು ಎಷ್ಟು ದಪ್ಪ ಕೂತಿತ್ತೆಂದರೆ ಮೊದಲ ಬಕೆಟ್ಟು ನೀರು ಬರೀ ಅದನ್ನು ನೆನೆಸುವುದಕ್ಕೇ ಹೋಯಿತು. ರಬ್ಬರ್ ಪಟ್ಟಿ ಒಮ್ಮೆ ಎಳೆದಾಗ ಒಳಗೆ ಕುರ್ಚಿ ಕಾಣಿಸಿತು, ಇನ್ನೊಮ್ಮೆ ಎಳೆದಾಗ ಐರಿಸ್. ತಲೆ ನೀಟಾಗಿ ಬಾಚಿದೆ, ಕಾಲ ಮೇಲೆ ಕಂಬಳಿ. ಎಡಗೈ ಅದರ ಮೇಲೆ ಇಟ್ಟ ವಸ್ತುವಿನ ಹಾಗೆ ಬಿದ್ದಿತ್ತು.

ನಾನು ಕೈ ಬೀಸಿದೆ. ಅವಳು ಬೀಸಲಿಲ್ಲ. ಅಂಚುಗಳನ್ನು ಬಟ್ಟೆಯಿಂದ ಒರೆಸಿ, ಬಕೆಟ್ ಎತ್ತಿಕೊಂಡು ಹೊರಡಬೇಕು ಅನ್ನುವಾಗ ಒಳಗಿನಿಂದ ಟಕ್ ಅಂತ ಗಾಜು ಬಡಿದ ಸದ್ದು.

ಐರಿಸ್‌ನ ಬಲಗೈ ಮೇಲೆದ್ದಿತ್ತು. ತೋರುಬೆರಳು ಗಾಜಿನ ಮೇಲಿನ ಮೂಲೆಯ ಕಡೆ. ಹತ್ತಿರ ಹೋಗಿ ನೋಡಿದರೆ ಹೌದು, ಕೂದಲೆಳೆಯಷ್ಟು ಗೆರೆ ಉಳಿದಿದೆ. ಒರೆಸಿದೆ.

ಬೆರಳು ಕೆಳಗಿಳಿಯಲಿಲ್ಲ. ಎಡಕ್ಕೆ ಹೋಯಿತು. ಅಲ್ಲಿಯೂ ಒಂದು ಕಲೆ. ಒರೆಸಿದೆ.

ಕುರ್ಚಿಯ ಹಿಂದೆ ನಿಂತ ಜೆರಾಲ್ಡ್ ಮುಜುಗರದಿಂದ, ಬಿಡಿ ಪರವಾಗಿಲ್ಲ ಹೋಗಿ ಅಂತ ಕೈಸನ್ನೆ ಮಾಡಿದ. ನಾನು ಇಲ್ಲ ಅಂತ ತಲೆಯಾಡಿಸಿದೆ. ಅವಳು ಅಂಗಡಿಯಲ್ಲಿ ಬಟ್ಟೆ ಪರೀಕ್ಷೆ ಮಾಡುವವಳ ಬಿಗುವಿನಲ್ಲಿ ಇಡೀ ಗಾಜನ್ನು ಮೇಲಿಂದ ಕೆಳಗೆ ಕಣ್ಣಾಡಿಸಿದಳು. ಇನ್ನೊಂದು ಕಡೆ ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ. ಆದರೂ ಒರೆಸಿದೆ.

ಆಗ ಕೈ ಕಂಬಳಿಯ ಮೇಲಿಳಿಯಿತು. ಅವಳು ಇನ್ನೂ ನನ್ನ ಕಡೆಗೇ ನೋಡುತ್ತಿದ್ದಳು, ಸ್ವಲ್ಪ ಹುಬ್ಬು ಗಂಟಿಕ್ಕಿ. ಇನ್ನೇನು ಉಳಿಯಿತು ಅಂತ ನಾನು ಗಾಜನ್ನೆಲ್ಲ ಹುಡುಕಿದೆ. ಆಮೇಲೆ ಹೊಳೆಯಿತು. ನಾನು ನಿಂತಿದ್ದದ್ದು ಅವಳಿಗೂ ಸಮುದ್ರಕ್ಕೂ ನಡುವೆ.

ಪಕ್ಕಕ್ಕೆ ಸರಿದೆ.